ಹುಲ್ಲುನೆಲದ ಶಿಲ್ಪಿ ಡಾಕ್ಟರ್ ಮೆಕೆಂಜಿ

ಗಾಲ್ಫ್ ಆಟವನ್ನು ನಾನು ಆಡಿದವನಲ್ಲ. ಇನ್ನು ಮುಂದೆ ಆಡುವ ಹಂಬಲವೂ ನನಗಿಲ್ಲ. ಆದರೆ ಆ ಆಟಕ್ಕಾಗಿ ನೆಲವನ್ನು ರೂಪಿಸಿದವರ ಚರಿತ್ರೆಯನ್ನು ಕೆಲವು ಕಾಲದಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಗುಡಿಯನ್ನು ಕಟ್ಟುವ ಶಿಲ್ಪಿಗೆ ಕಲ್ಲಿನ ಆಸರೆಯುಂಟು. ಗಾಲ್ಫ್ ಮೈದಾನವನ್ನು ರಚಿಸುವವನು ನಂಬಬೇಕಾದುದು ಮಣ್ಣು, ಮರಳು, ಹುಲ್ಲುಗಳನ್ನು. ಹುಲ್ಲು ಬೆಳೆಯುತ್ತದೆ, ಮರಳು ಹಾರುತ್ತದೆ, ಮಣ್ಣು ಕುಸಿಯುತ್ತದೆ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಕೃತಿ ಬೇರೊಂದೇ ಆಗಿರುತ್ತದೆ. ಹಾಗಾದರೆ ಅದರ ಮೂಲರೂಪವನ್ನು ಗುರುತಿಸುವುದೆಂತು, ಮರಳಿ ತರುವುದೆಂತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ದೊರೆತುದು ಡಾಕ್ಟರ್ ಆಲಿಸ್ಟರ್ ಮೆಕೆಂಜಿಯ ಜೀವನಕಥೆ.

ಆತ ಹುಟ್ಟಿದುದು 1870ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ಮಂಟನ್ ಎಂಬ ಊರಿನಲ್ಲಿ. ಮನೆತನ ಸ್ಕಾಟ್ಲೆಂಡಿನದು. ಕೇಂಬ್ರಿಜ್‌ನಲ್ಲಿ ಓದಿ ವೈದ್ಯನಾದ ಆತ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೇನೆಯ ಶಸ್ತ್ರವೈದ್ಯನಾಗಿ ಕೆಲಸ ಮಾಡಿದನು. ಗಾಯಾಳುಗಳ ಆರೈಕೆಯ ನಡುವೆಯೂ ಆತನ ಕಣ್ಣು ಒಂದು ವಿಷಯವನ್ನು ಗಮನಿಸಿತು. ಸಂಖ್ಯೆಯಲ್ಲಿ ಕಡಮೆಯಾಗಿದ್ದ ಬೋಯರ್ ರೈತರು ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸುತ್ತಿದ್ದರು. ಎದ್ದು ಕಾಣುವ ಕೋಟೆಗಳನ್ನು ಅವರು ಕಟ್ಟುತ್ತಿರಲಿಲ್ಲ. ಇದ್ದ ದಿಣ್ಣೆ, ಹಳ್ಳ, ಪೊದೆಗಳನ್ನೇ ಮರೆಮಾಡಿಕೊಂಡು, ತಾವು ಅಗೆದುದನ್ನು ನೆಲದ ಸಹಜ ರೂಪದೊಡನೆ ಬೆರೆಸಿಬಿಡುತ್ತಿದ್ದರು. ಮನುಷ್ಯ ಮಾಡಿದುದು ಪ್ರಕೃತಿ ಮಾಡಿದಂತೆಯೇ ಕಾಣಬೇಕೆಂಬ ಈ ಪಾಠ ವೈದ್ಯನ ಮನಸ್ಸಿನಲ್ಲಿ ಊರಿತು.

ತಾಯ್ನಾಡಿಗೆ ಮರಳಿ ವೈದ್ಯವೃತ್ತಿಯಲ್ಲಿದ್ದ ಮೆಕೆಂಜಿ ಆಟದ ನೆಲದ ಮೇಲೆ ಈ ಪಾಠವನ್ನು ಪ್ರಯೋಗಿಸತೊಡಗಿದನು. 1907ರಲ್ಲಿ ಲೀಡ್ಸ್ ನಗರದ ಬಳಿ ಆಲ್‌ವುಡ್ಲಿ ಕ್ಲಬ್ಬು ಹುಟ್ಟಿತು. ಅದರ ಸ್ಥಾಪಕರಲ್ಲಿ ಆತನೂ ಒಬ್ಬ. ಸಲಹೆಗೆಂದು ಬಂದ ಪ್ರಸಿದ್ಧ ರಚನಕಾರ ಹ್ಯಾರಿ ಕೋಲ್ಟ್ ಈ ಹವ್ಯಾಸಿಯ ಆಲೋಚನೆಗಳನ್ನು ಮೆಚ್ಚಿಕೊಂಡನು. 1914ರಲ್ಲಿ ಕಂಟ್ರಿ ಲೈಫ್ ಪತ್ರಿಕೆ ಗಾಲ್ಫ್ ಕುಳಿಯೊಂದರ ವಿನ್ಯಾಸಕ್ಕೆ ಸ್ಪರ್ಧೆಯನ್ನು ಏರ್ಪಡಿಸಿದಾಗ ಮೊದಲ ಬಹುಮಾನ ಮೆಕೆಂಜಿಗೆ ಸಂದಿತು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಈ ಸಲ ಆತ ಶತ್ರುವಿನ ಕಣ್ಣಿಗೆ ಕಂದಕಗಳು ಬೀಳದಂತೆ ಮರೆಮಾಡುವ ವಿದ್ಯೆಯನ್ನು ಸೈನಿಕರಿಗೆ ಕಲಿಸಿದನು. ಯುದ್ಧ ಮುಗಿದ ಮೇಲೆ ವೈದ್ಯವೃತ್ತಿಗೆ ಹಿಂತಿರುಗಲಿಲ್ಲ.

1920ರಲ್ಲಿ ಪ್ರಕಟವಾದ ಆತನ ಪುಟ್ಟ ಪುಸ್ತಕದಲ್ಲಿ ಮೈದಾನ ರಚನೆಯ 13 ಸೂತ್ರಗಳಿವೆ. ಕೃತಕವಾಗಿ ಮಾಡಿದ ದಿಣ್ಣೆ, ಮರಳುಗುಂಡಿಗಳು ನಿಸರ್ಗದ ಕೈವಾಡವೆಂಬಂತೆ ತೋರಬೇಕೆಂಬುದು ಅವುಗಳಲ್ಲಿ ಮುಖ್ಯವಾದುದು. ಬಲಿಷ್ಠನಿಗೆ ಸಾಹಸದ ದಾರಿಯೊಂದಿದ್ದರೆ, ದುರ್ಬಲನಿಗೂ ಸುತ್ತುಬಳಸಿನ ಸುಗಮ ದಾರಿಯೊಂದಿರಬೇಕೆಂದೂ ಆತ ಬಯಸಿದನು. ಇದರಲ್ಲಿ ನನಗೆ ವೈದ್ಯನ ಕರುಣೆಯೇ ಕಾಣುತ್ತದೆ. ಬಯಲಿನಲ್ಲಿ ಸಂತೋಷದಿಂದ ನಡೆದಾಡುವ ಮನುಷ್ಯನಿಗೆ ಔಷಧದ ಅಗತ್ಯ ಕಡಮೆಯೆಂದು ಆತ ನಂಬಿದ್ದನು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಪುರಾತನ ಮೈದಾನವನ್ನು ಅಂಗುಲ ಅಂಗುಲವಾಗಿ ಅಳೆದು 1924ರಲ್ಲಿ ಆತ ರಚಿಸಿದ ನಕ್ಷೆ ಚರಿತ್ರಕಾರರಿಗೆ ಇಂದಿಗೂ ದೊಡ್ಡ ಆಧಾರವಾಗಿದೆ.

ಅನಂತರದ ಹತ್ತು ವರ್ಷ ಮೆಕೆಂಜಿಯದು ಸಂಚಾರದ ಬದುಕು. 1926ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ರಾಯಲ್ ಮೆಲ್ಬರ್ನ್ ಕ್ಲಬ್ಬಿಗೆ ಯೋಜನೆ ಬರೆದುಕೊಟ್ಟು ಹೊರಟುಬಿಟ್ಟನು. ಅಲೆಕ್ಸ್ ರಸೆಲ್ ಮತ್ತು ಮಿಕ್ ಮೋರ್ಕಮ್ ಅದನ್ನು ನೆಲಕ್ಕಿಳಿಸಿದರು. ಮುಗಿದ ಕೆಲಸವನ್ನು ಯೋಜಕನು ನೋಡಲೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಕಡಲಿನ ಅಂಚಿನಲ್ಲಿ, ಸೈಪ್ರಸ್ ಪಾಯಿಂಟ್ ಮೈದಾನ 1928ರಲ್ಲಿ ತೆರೆಯಿತು. ಮರುವರ್ಷ ಸಾಂತಾ ಕ್ರೂಜ್‌ನಲ್ಲಿ ಪಾಸಾಟಿಯೆಂಪೊ ಸಿದ್ಧವಾಯಿತು. ಆತ ಅದರ ಪಕ್ಕದಲ್ಲಿಯೇ ಮನೆಮಾಡಿ ನೆಲೆಸಿದನು. ಅದರ ಆರಂಭೋತ್ಸವದಲ್ಲಿ ಆಡಿದವರಲ್ಲಿ ಒಬ್ಬನು ಬಾಬಿ ಜೋನ್ಸ್. ಆ ಮಹಾ ಆಟಗಾರನು ಮುಂದೆ ಜಾರ್ಜಿಯ ಸಂಸ್ಥಾನದ ಆಗಸ್ಟದಲ್ಲಿ, ಹಿಂದೆ ಸಸ್ಯತೋಟವಾಗಿದ್ದ ನೆಲದಲ್ಲಿ, ತನ್ನ ಕನಸಿನ ಮೈದಾನವನ್ನು ನಿರ್ಮಿಸಲು ಮೆಕೆಂಜಿಯನ್ನೇ ಆರಿಸಿಕೊಂಡನು.

ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಒಪ್ಪಿದ ಸಂಭಾವನೆ ಪೂರ್ತಿಯಾಗಿ ಮೆಕೆಂಜಿಯ ಕೈಸೇರಲಿಲ್ಲ. 1934ರ ಜನವರಿ 6ರಂದು ಆತ ಸಾಂತಾ ಕ್ರೂಜ್‌ನಲ್ಲಿ ತೀರಿಕೊಂಡನು. ಇನ್ನೆರಡೇ ತಿಂಗಳಲ್ಲಿ, ಮಾರ್ಚಿಯಲ್ಲಿ, ಆಗಸ್ಟದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಮುಂದೆ ಮಾಸ್ಟರ್ಸ್ ಎಂದು ಜಗತ್ಪ್ರಸಿದ್ಧವಾದುದು ಅದೇ. ಹುಲ್ಲು ಹಸುರಾಗಿ ಹಬ್ಬಿದ ಆ ನೆಲವನ್ನು ಅದರ ಶಿಲ್ಪಿ ಕಣ್ಣಾರೆ ಕಾಣಲಿಲ್ಲ.

ಇನ್ನು ಆತನ ಕೃತಿಗಳಿಗೆ ಒದಗಿದ ಗತಿ. ಇದನ್ನು ಓದುವಾಗ ನನಗೆ ಒಂದು ವಿಪರ್ಯಾಸ ಗೋಚರಿಸಿತು. ತನ್ನ ಕೈಗುರುತನ್ನು ಮರೆಮಾಡುವುದೇ ಮೆಕೆಂಜಿಯ ಕಲೆ. ಆತನ ದಿಣ್ಣೆಗಳು ಹುಟ್ಟಿನಿಂದಲೇ ಅಲ್ಲಿದ್ದಂತೆ ಕಂಡವು. ಹಾಗೆ ಕಂಡುದರಿಂದಲೇ ಅವುಗಳನ್ನು ಯಾರೂ ಕೃತಿಯೆಂದು ಕಾಪಾಡಲಿಲ್ಲ. ಐರ್ಲೆಂಡಿನ ಲಾಹಿಂಚ್‌ನಲ್ಲಿ ಆತ ಕೊಟ್ಟಿದ್ದ ಅಲೆಅಲೆಯಾದ ಹುಲ್ಲುಹಾಸುಗಳನ್ನು, ಆಡುವುದು ಕಷ್ಟವೆಂದು, 1930ರ ದಶಕದಲ್ಲಿಯೇ ಸಮಮಾಡಿದರು. ಬೇರೆಡೆಗಳಲ್ಲಿ ಕೇಡು ಸದ್ದಿಲ್ಲದೆ ನಡೆಯಿತು. ಹುಲ್ಲು ಕತ್ತರಿಸುವ ಯಂತ್ರ ಸುತ್ತುಸುತ್ತಿಗೂ ತುಸು ಒಳಗೆ ತಿರುಗಿದರೆ ಸಾಕು, ಕೆಲವು ವರ್ಷಗಳಲ್ಲಿ ಕುಳಿಯ ಸುತ್ತಲಿನ ಹಾಸು ಕಿರಿದಾಗುತ್ತದೆ. ಆಟಗಾರರು ಸಿಡಿಸಿದ ಮರಳು ಗುಂಡಿಯ ಅಂಚನ್ನು ಏರಿಸುತ್ತದೆ. ಖರ್ಚು ಉಳಿಸಲು ಗುಂಡಿಗಳನ್ನು ಮುಚ್ಚುತ್ತಾರೆ. ಚಂದಕ್ಕೆಂದು ನೆಟ್ಟ ಸಸಿ ಮರವಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಇದೆಲ್ಲ ಯಾರ ದ್ವೇಷದಿಂದಲೂ ಆದುದಲ್ಲ.

ಇದನ್ನು ತಿದ್ದುವವರ ಕೆಲಸ ಶಾಸನಶೋಧಕರ ಕೆಲಸವನ್ನು ಹೋಲುತ್ತದೆ. ಅವರು ಹಳೆಯ ಛಾಯಾಚಿತ್ರಗಳನ್ನು ಹುಡುಕುತ್ತಾರೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಹೊಲಗದ್ದೆಗಳ ಲೆಕ್ಕಕ್ಕಾಗಿ ವಿಮಾನದಿಂದ ತೆಗೆಸಿದ ಚಿತ್ರಗಳನ್ನು ಪರೀಕ್ಷಿಸುತ್ತಾರೆ. ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ, ಮುಚ್ಚಿಹೋದ ಮರಳಿನ ಪದರ ಎಲ್ಲಿ ಮುಗಿಯುತ್ತದೆಂದು ಗೆರೆ ಎಳೆಯುತ್ತಾರೆ. ಪಾಸಾಟಿಯೆಂಪೊವನ್ನು ಟಾಮ್ ಡೋಕ್ ಮತ್ತು ಆತನ ಸಂಗಡಿಗರು 1990ರ ದಶಕದಿಂದ ಹೀಗೆ ತಾಳ್ಮೆಯಿಂದ ಮೂಲರೂಪದತ್ತ ತಂದರು. ಮೆಕೆಂಜಿಯ ಜೀವನಚರಿತ್ರೆಯನ್ನು ಬರೆದವರಲ್ಲಿಯೂ ಡೋಕ್ ಒಬ್ಬನೆಂಬುದು ಗಮನಾರ್ಹ. ಕರ್ತೃವಿನ ಮನಸ್ಸನ್ನು ಅರಿಯದೆ ಕೃತಿಯನ್ನು ಸರಿಪಡಿಸುವುದು ಸಾಧ್ಯವಿಲ್ಲವೆಂದು ಆತನಿಗೆ ತಿಳಿದಿತ್ತು.

ಆಗಸ್ಟದ ಕಥೆ ಬೇರೆ. ವರ್ಷವರ್ಷವೂ ತಿದ್ದಿದ ಆ ಮೈದಾನದಲ್ಲಿ ಮೆಕೆಂಜಿಯ ಕೈಗೆಲಸ ಅಲ್ಪವಾಗಿ ಉಳಿದಿದೆ. ಅದರ ಹತ್ತನೆಯ ಕುಳಿಯನ್ನು 1937ರಲ್ಲಿ ಹಿಂದಕ್ಕೆ ಸರಿಸಿದರು. ಹಳೆಯ ಕುಳಿಯ ಬಳಿಯಿದ್ದ ದೊಡ್ಡ ಮರಳುಗುಂಡಿಯನ್ನು ಮಾತ್ರ ಇದ್ದಲ್ಲಿಯೇ ಬಿಟ್ಟರು. ಇಂದು ಅದು ಗುರಿಯಿಂದ ಬಹುದೂರದಲ್ಲಿ, ಯಾರ ಆಟಕ್ಕೂ ಹೆಚ್ಚು ಅಡ್ಡಿ ಬಾರದೆ, ಚೆಲುವಾಗಿ ಬಿದ್ದುಕೊಂಡಿದೆ. ಊರು ಗುಳೆ ಹೋದ ಮೇಲೆ ಉಳಿದ ಹಳೆಯ ಗುಡಿಯ ನೆನಪು ನನಗೆ ಅದರ ಚಿತ್ರವನ್ನು ಕಂಡಾಗಲೆಲ್ಲ ಬರುತ್ತದೆ.

ಕೊನೆಯ ದಿನಗಳಲ್ಲಿ ಮೆಕೆಂಜಿ ಇನ್ನೊಂದು ಪುಸ್ತಕವನ್ನು ಬರೆದಿಟ್ಟಿದ್ದನು. ಹಸ್ತಪ್ರತಿ ಆರು ದಶಕಗಳ ಕಾಲ ಕಾಣದೆ, ಬಂಧುವೊಬ್ಬನಿಗೆ ಸಿಕ್ಕಿ, 1995ರಲ್ಲಿ ಅಚ್ಚಾಯಿತು. ಕಾಗದ ಹಾಗೆ ಕಾದು ಕುಳಿತಿರಬಲ್ಲದು. ಹುಲ್ಲುನೆಲಕ್ಕೆ ಆ ಭಾಗ್ಯವಿಲ್ಲ. ಪ್ರತಿದಿನವೂ ಅದನ್ನು ಕತ್ತರಿಸುವವನಿಗೆ ಅದು ಯಾರ ಕೃತಿಯೆಂಬ ಅರಿವಿದ್ದರೆ ಮಾತ್ರ ಅದು ಉಳಿಯುತ್ತದೆ.