ಹೊರೇಸ್ ಮ್ಯಾನ್ ಮತ್ತು ಊರ ಶಾಲೆ

ಅಮೇರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಫ್ರಾಂಕ್ಲಿನ್ ಎಂಬುದೊಂದು ಊರು. ಬೆಂಜಮಿನ್ ಫ್ರಾಂಕ್ಲಿನನ ಹೆಸರನ್ನು ಹೊತ್ತ ಆ ಊರಿನವರು ಆತನಿಂದ ತಮ್ಮ ಇಗರ್ಜಿಗೊಂದು ಘಂಟೆಯನ್ನು ಬಯಸಿದರೆ, ಆತ ಪುಸ್ತಕಗಳನ್ನು ಕಳುಹಿಸಿದನಂತೆ. 1796ರ ಮೇ 4ರಂದು ಅಲ್ಲಿಯ ರೈತನೊಬ್ಬನ ಮನೆಯಲ್ಲಿ ಹುಟ್ಟಿದ ಹೊರೇಸ್ ಮ್ಯಾನನಿಗೆ ಆ ಪುಸ್ತಕಗಳೇ ಗುರುಗಳಾದುವು. ಊರ ಶಾಲೆ ವರುಷಕ್ಕೆ ಕೆಲವೇ ವಾರಗಳ ಮಾತು, ಉಳಿದುದೆಲ್ಲ ದುಡಿಮೆ. ಆದರೂ ಹುಡುಗನು ಬ್ರೌನ್ ವಿಶ್ವವಿದ್ಯಾನಿಲಯದಿಂದ 1819ರಲ್ಲಿ ಪದವಿ ಪಡೆದು, ವಕೀಲನಾಗಿ, ಮುಂದೆ ಸಂಸ್ಥಾನದ ಸೆನೆಟ್ ಸಭೆಗೆ ಅಧ್ಯಕ್ಷನೂ ಆದನು.

1837ರಲ್ಲಿ ಸಂಸ್ಥಾನವು ವಿದ್ಯಾಮಂಡಲಿಯೊಂದನ್ನು ರಚಿಸಿತು. ಅದರ ಕಾರ್ಯದರ್ಶಿತ್ವಕ್ಕಾಗಿ ಮ್ಯಾನ್ ವಕೀಲಿಯನ್ನು ತೊರೆದನು. ಲೋಕದ ಕಣ್ಣಿಗೆ ನಷ್ಟದ ವ್ಯಾಪಾರವೇ ಸರಿ! ಆ ಹುದ್ದೆಗೆ ಅಪ್ಪಣೆ ಮಾಡುವ ಅಧಿಕಾರವಿಲ್ಲ. ಸುತ್ತಬೇಕು, ಅಂಕಿಗಳನ್ನು ಕೂಡಿಹಾಕಬೇಕು, ವರದಿ ಬರೆಯಬೇಕು. ಆತನು ಸುತ್ತಿದನು. ಗಾಳಿಯಾಡದ ಕೋಣೆ, ಒರಗಲು ಆಸರೆಯಿಲ್ಲದ ಬೆಂಚು, ತರಬೇತಿಯಿಲ್ಲದ ಉಪಾಧ್ಯಾಯರು ಎಲ್ಲೆಲ್ಲಿಯೂ ಕಂಡರು. ಇವುಗಳಿಗಿಂತ ಹೆಚ್ಚು ಚಿಂತೆಗಿಟ್ಟುಕೊಂಡುದು ಇನ್ನೊಂದು: ಉಳ್ಳವರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸುತ್ತಿದ್ದರು. ತನ್ನ ಮಗುವೇ ಇಲ್ಲದ ಶಾಲೆಗೆ ಯಾರು ತಾನೆ ಸಂತೋಷದಿಂದ ತೆರಿಗೆ ಕೊಟ್ಟಾರು? ಹಣ ಕುಗ್ಗಿದಂತೆ ಶಾಲೆ ಕೆಡುವುದು. ಕೆಟ್ಟಂತೆ ಇನ್ನಷ್ಟು ಮಕ್ಕಳು ಹೊರನಡೆಯುವರು. ಈ ಸುಳಿಯನ್ನು ಆತನಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಸರಕಾರಿ ಕಾಲೇಜಿನಲ್ಲಿ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡವರ ಮೇಲಿನ ಕನಿಕರದಿಂದ ನಡೆಯುವ ಶಾಲೆ ಆತನಿಗೆ ಬೇಡವಾಗಿತ್ತು. ಸಿರಿವಂತನೂ ತಾನಾಗಿ ಮಗನನ್ನು ತಂದು ಸೇರಿಸುವಷ್ಟು ಒಳ್ಳೆಯ ಶಾಲೆ ಬೇಕಾಗಿತ್ತು.

ಅದಕ್ಕೆ ಮೊದಲು ಬೇಕಾದವರು ಒಳ್ಳೆಯ ಉಪಾಧ್ಯಾಯರು. ಎಡ್ಮಂಡ್ ಡ್ವೈಟ್ ಎಂಬ ಶ್ರೀಮಂತನು 10,000 ಡಾಲರ್ ಕೊಟ್ಟನು. ಸಂಸ್ಥಾನವೂ ಅಷ್ಟೇ ಕೂಡಿಸಿತು. 1839ರ ಜುಲೈ 3ರಂದು ಲೆಕ್ಸಿಂಗ್‌ಟನ್ನಿನಲ್ಲಿ ತೆರೆದ ಉಪಾಧ್ಯಾಯಿನಿಯರ ಶಿಕ್ಷಣಶಾಲೆಗೆ ಆ ದಿನ ಬಂದವರು ಮೂವರೇ ಹುಡುಗಿಯರು! ಮರುವರುಷವೇ ಶಾಸನಸಭೆಯಲ್ಲಿ ವಿದ್ಯಾಮಂಡಲಿಯನ್ನೇ ರದ್ದುಮಾಡುವ ಯತ್ನ ನಡೆದು ಸೋತಿತು. ಶಾಲೆ ಉಳಿಯಿತು, 1844ರಲ್ಲಿ ಬಾಸ್ಟನ್ನಿಗೆ ರೈಲಿನ ಸಂಪರ್ಕವಿದ್ದ ವೆಸ್ಟ್ ನ್ಯೂಟನ್ ಎಂಬ ಹೊರವಲಯಕ್ಕೆ ಹೋಯಿತು. ಮ್ಯಾನನೂ ಅಲ್ಲಿಯೇ ಮನೆಮಾಡಿದನು.

1843ರಲ್ಲಿ ಮೇರಿ ಪೀಬಡಿಯನ್ನು ಮದುವೆಯಾಗಿ ಯೂರೋಪಿಗೆ ಹೋದವನು ಅಲ್ಲಿಯೂ ನೋಡಿದುದು ಶಾಲೆಗಳನ್ನೇ. ಪ್ರಷ್ಯದ ಉಪಾಧ್ಯಾಯರನ್ನು ಹೊಗಳಿ ವರದಿ ಬರೆದಾಗ ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು ಸಿಡಿದೆದ್ದರು. ಕಾಗದದ ಯುದ್ಧವೇ ನಡೆಯಿತು. ಆತನಲ್ಲಿ ಊನಗಳೂ ಇದ್ದುವು. ಶಾಲೆಯಲ್ಲಿ ವ್ಯಾಖ್ಯಾನವಿಲ್ಲದೆ ಬೈಬಲ್ ಓದಿಸಿದರೆ ಎಲ್ಲರಿಗೂ ಒಪ್ಪಿಗೆಯಾದೀತೆಂದು ನಂಬಿದನು. ಓದಿಸುತ್ತಿದ್ದುದು ಪ್ರಾಟೆಸ್ಟೆಂಟರ ಬೈಬಲ್ಲಾದುದರಿಂದ ಕ್ಯಾಥೊಲಿಕರಿಗೆ ಅದು ಒಪ್ಪಿಗೆಯಾಗಲಿಲ್ಲ. ಎಲ್ಲರ ಶಾಲೆಯೆಂಬ ಮಾತಿಗೆ ಅಲ್ಲಿ ಬಿರುಕು ಬಿದ್ದಿತು.

1848ರಲ್ಲಿ ಆತನು ಕಾಂಗ್ರೆಸ್ ಸಭೆಗೆ ಹೋದನು. 1852ರಲ್ಲಿ ಮ್ಯಾಸಚೂಸೆಟ್ಸ್ 8ರಿಂದ 14 ವರುಷದ ಮಕ್ಕಳು ವರುಷಕ್ಕೆ 12 ವಾರವಾದರೂ ಶಾಲೆಗೆ ಬರಲೇಬೇಕೆಂದು ಶಾಸನ ಮಾಡಿತು. 1853ರಲ್ಲಿ ಒಹಾಯೊದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷನಾದ ಮ್ಯಾನ್, ಸಾಲದಲ್ಲಿ ಮುಳುಗಿದ ಆ ಸಂಸ್ಥೆಗಾಗಿ ದೇಹ ಸವೆಸಿ, 1859ರ ಆಗಸ್ಟ್ 2ರಂದು ತೀರಿಕೊಂಡನು. ಬಳಿಕ ಆತನ ದೇಹವನ್ನು ಪ್ರಾವಿಡೆನ್ಸಿಗೆ ತಂದು, 1832ರಲ್ಲಿಯೇ ಅಗಲಿದ್ದ ಮೊದಲ ಹೆಂಡತಿ ಷಾರ್ಲಟ್ಟಳ ಪಕ್ಕದಲ್ಲಿ ಹೂಳಿದರು.