ಬಗ್ಗಿದರೂ ಮುರಿಯದ ದೋಣಿ

ನಮ್ಮ ಶಿರಸಿಯ ಮಳೆಗೆ ಕಬ್ಬಿಣದ ಗೇಟೇ ಎರಡು ವರ್ಷದಲ್ಲಿ ತುಕ್ಕು ಹಿಡೀತದೆ. ಹಾಗಿರುವಾಗ ಉಪ್ಪುನೀರಿಗೆ ಯಾರಾದರೂ ಉಕ್ಕಿನ ಹಾಯಿದೋಣಿ ಇಳಿಸ್ತಾರಾ? ಫ್ರೆಂಚ್ ನಾವಿಕ ಬರ್ನಾರ್ ಮ್ವಾತೆಸಿಯೆ ಇಳಿಸಿದ್ದರು. ಅದಕ್ಕೆ ಕಾರಣವೂ ಇತ್ತು.

1925ರಲ್ಲಿ ವಿಯೆಟ್ನಾಮಿನ ಹನೋಯಿಯಲ್ಲಿ ಹುಟ್ಟಿದವರು. ನಮಗೆ ಮಳೆ ತರುವ ಅದೇ ನೈಋತ್ಯ ಮಾರುತಕ್ಕೆ ಎದುರಾಗಿ ಬರುವಾಗ, 1952ರಲ್ಲಿ ಅವರ ಮರದ ದೋಣಿ ಡೀಗೊ ಗಾರ್ಸಿಯಾ ದ್ವೀಪಕ್ಕೆ ಬಡಿದು ಒಡೆಯಿತು. ಇನ್ನೊಂದು 1958ರಲ್ಲಿ ಕೆರಿಬಿಯನ್ನಿನಲ್ಲಿ ಹೋಯಿತು. ದೋಣಿಯೇ ಅವರ ಮನೆ. ಎರಡು ಸಲ ಮನೆ ಕಳೆದುಕೊಂಡ ಹಾಗೆ.

ಆಮೇಲೆ ಬಂದಿದ್ದು ‘ಜೋಶುವಾ’. ಸುಮಾರು 12 ಮೀಟರ್ ಉದ್ದ, ಎರಡು ಹಾಯಿಕಂಬ, ಉಕ್ಕಿನ ಮೈ. ಭಾರ ಜಾಸ್ತಿ, ಸಣ್ಣ ಗಾಳಿಗೆ ನಿಧಾನ. ಆದರೆ ತಳದ ಉದ್ದನೆಯ ಕೀಲ್‌ನಿಂದಾಗಿ ದೊಡ್ಡ ಅಲೆಯಲ್ಲೂ ಸುಲಭಕ್ಕೆ ದಿಕ್ಕು ತಪ್ಪುವುದಿಲ್ಲ. ತುಕ್ಕಿಗೆ ಮಾತ್ರ ಬಣ್ಣ ಬಳಿಯುತ್ತಲೇ ಇರಬೇಕು.

1968ರಲ್ಲಿ, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಗೆ ಹೊರಟರು. ದಕ್ಷಿಣ ಆಫ್ರಿಕಾದ ಹತ್ತಿರ ಸರಕು ಹಡಗು ತಾಗಿ, ದೋಣಿಯ ಮುಂದಕ್ಕೆ ಚಾಚಿದ್ದ ಉಕ್ಕಿನ ಕಂಬ ಬಗ್ಗಿತು. ಮುರಿಯಲಿಲ್ಲ. ಸಮುದ್ರದ ನಡುವೆಯೇ ಹಗ್ಗ, ರಾಟೆ ಕಟ್ಟಿ ನೆಟ್ಟಗೆ ಮಾಡಿದರು. ನಾವು ಲ್ಯಾಬಿನಲ್ಲಿ ಓದುವ ಡಕ್ಟಿಲಿಟಿ ಅಂದ್ರೆ ಇದೇ.

ಗೆಲ್ಲುವ ಅವಕಾಶ ಇದ್ದರೂ 1969ರಲ್ಲಿ ಸ್ಪರ್ಧೆ ಬಿಟ್ಟರು. ಆ ಸುದ್ದಿಯನ್ನು ಕವಣೆಯಿಂದ ಹಡಗೊಂದಕ್ಕೆ ಎಸೆದು, ತಾಹಿತಿಗೆ ಸಾಗಿದರು. 1982ರಲ್ಲಿ ಮೆಕ್ಸಿಕೋದ ಬಿರುಗಾಳಿ ಜೋಶುವಾವನ್ನು ದಡಕ್ಕೆ ಎಸೆಯಿತು. ಮ್ವಾತೆಸಿಯೆ 1994ರಲ್ಲಿ ತೀರಿಕೊಂಡರು. ರಿಪೇರಿಯಾದ ಜೋಶುವಾ ಮಾತ್ರ ಫ್ರಾನ್ಸಿನ ಲಾ ರೋಶೆಲ್ ಮ್ಯೂಸಿಯಂ ಸೇರಿ, ಮತ್ತೆ ಹಾಯಿ ಬಿಚ್ಚಿತು.