ಕನ್ನಂಬಾಡಿ ಕಟ್ಟೋ ಮೊದಲು ಖರ್ಚು-ಲಾಭದ ಲೆಕ್ಕ ಮುಂದಿಟ್ಟ ವಿಶ್ವೇಶ್ವರಯ್ಯ

ಹೊಂಬಳ: ಹೊಸ ಅಂಗಡಿ ಹಾಕೋ ಮುಂಚೆ ಬಾಡಿಗೆ ಎಷ್ಟು, ಮಾಲಿಗೆ ಎಷ್ಟು, ತಿಂಗಳ ಕೊನೆಗೆ ಕೈಯಾಗ ಏನು ಉಳಿತದ ಅಂತ ಎಲ್ಲರೂ ಲೆಕ್ಕ ಹಾಕ್ತಾರೆ. ಸರ್ಕಾರದ ಯೋಜನೆಗೂ ಇಂಥದ್ದೇ ಲೆಕ್ಕ ಮುಂದಿಟ್ಟು ನೂರು ವರ್ಷದ ಹಿಂದೆ ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬೈ ಸರ್ಕಾರದಲ್ಲಿ ದುಡಿದರು. ಆಗ ನಮ್ಮ ಗದಗ ಸೀಮೆಯೂ ಅದೇ ಮುಂಬೈ ಪ್ರಾಂತ್ಯದಲ್ಲಿತ್ತು. 1909ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆದರು.

ಕಾವೇರಿಗೆ ಕನ್ನಂಬಾಡಿ ಹತ್ತಿರ ಅಣೆಕಟ್ಟು ಕಟ್ಟಬೇಕು ಅನ್ನೋದು ಅವರ ಯೋಜನೆ. ಮೊದಲ ಹಂತಕ್ಕೇ 81 ಲಕ್ಷ ರೂಪಾಯಿ. ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಹಣಕಾಸಿನವರು ಒಪ್ಪಲಿಲ್ಲ. ಇಷ್ಟು ದುಡ್ಡು ಸುರಿದರೆ ವಾಪಸ್ ಬರೋದು ಯಾವಾಗ?

ಇವರ ಹತ್ತಿರ ಉತ್ತರ ಇತ್ತು. 1902ರಿಂದ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು. ಬೇಸಿಗೆಯಲ್ಲಿ ನದಿ ಇಳಿದರೆ ಕರೆಂಟಿಗೂ ಕುತ್ತು. ನೀರು ಕಟ್ಟಿ ನಿಲ್ಲಿಸಿದರೆ ವರ್ಷಪೂರ್ತಿ ಕರೆಂಟು, ಗಣಿ ಕಂಪನಿಗಳಿಂದ ಖಾತ್ರಿ ದುಡ್ಡು. ಮೇಲೆ ಮಂಡ್ಯದ ಒಣ ಹೊಲಕ್ಕೆ ಕಾಲುವೆ ನೀರು. ಗಿರಾಕಿ ಮೊದಲೇ ಇದ್ದ, ಮಾಲು ತಯಾರು ಮಾಡೋದಷ್ಟೇ ಬಾಕಿ.

ಆದರೂ ಫೈಲು ಮುಂದೆ ಹೋಗಲಿಲ್ಲ. ವಿಶ್ವೇಶ್ವರಯ್ಯನವರು ಬೇಸತ್ತರು. ಕೊನೆಗೆ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಖುದ್ದು ವಿಚಾರಿಸಿ 1911ರ ಅಕ್ಟೋಬರ್‌ನಲ್ಲಿ ಮಂಜೂರಾತಿ ಕೊಡಿಸಿದರು. ಸಿಮೆಂಟ್ ತುಟ್ಟಿ, ಹಾಗಾಗಿ ಸುಣ್ಣ-ಸುರ್ಕಿ ಗಾರೆ ಬಳಸಿದರು. ಮದ್ರಾಸಿನವರು ಪೂರ್ತಿ ಎತ್ತರಕ್ಕೆ ತಕರಾರು ತೆಗೆದರು. ಇವರು ತಳಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ಸಾಕಾಗೋ ಹಾಗೆ ಅಗಲಕ್ಕೇ ಹಾಕಿಸಿದರು. ಒಪ್ಪಿಗೆ ಸಿಗದಿದ್ದರೆ ಆ ದುಡ್ಡೆಲ್ಲ ನೀರಿನ ಪಾಲು! ಧೈರ್ಯ ಅಂದ್ರ ಇದು. 1924ರಲ್ಲಿ ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆಯೂ ಬಂತು.

ಎಲ್ಲ ಲೆಕ್ಕವೂ ಹೀಗೆ ಸರಿ ಬರಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾಗೋ ಹೊತ್ತಿಗೆ ಕಬ್ಬಿಣದ ರೇಟು ಬಿದ್ದು ನಷ್ಟಕ್ಕೆ ಕೂತಿತು. 1918ರಲ್ಲೇ ದಿವಾನಗಿರಿ ಬಿಟ್ಟಿದ್ದ ಅವರು ವಾಪಸ್ ಬಂದು ಅದರ ಜವಾಬ್ದಾರಿ ಹೊತ್ತರು.

ಕನ್ನಂಬಾಡಿಯ ಲೆಕ್ಕದಲ್ಲೂ ಒಂದು ಕಾಲಂ ಅಷ್ಟು ಸುಲಭಕ್ಕೆ ತುಂಬೋದಲ್ಲ. ಹಳೇ ಊರು, ವೇಣುಗೋಪಾಲಸ್ವಾಮಿ ಗುಡಿ ನೀರಲ್ಲಿ ಮುಳುಗಿದವು. ಸಾವಿರಾರು ಮಂದಿ ಮನೆ-ಹೊಲ ಬಿಟ್ಟು ಎದ್ದರು. ಬೆಳೆ ಬಂದದ್ದು ಮಂಡ್ಯದವರಿಗೆ, ಊರು ಹೋದದ್ದು ಇವರಿಗೆ. ಹುಟ್ಟಿದ ಊರಿಗೆ ಎಷ್ಟು ರೇಟು ಕಟ್ಟಬೇಕು? ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನ ಊರವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು.